ಕೊಕ್ಕರೆಯ ಔತಣ

ಬಹಳ ಬಹಳ ಹಿಂದೆ, ಹಿಮದ ಬೆಟ್ಟಗಳ ತಪ್ಪಲಲ್ಲಿ ವೊಲ್ಹಾವಾ ಎಂಬ ರಾಜ್ಯವಿತ್ತು. ಆ ರಾಜ್ಯದ ನಡುವೆ ಸ್ಲೂಝಾ ಎಂಬ ನದಿ ಹರಿಯುತ್ತಿತ್ತು. ನದಿಯ ದಂಡೆಯಲ್ಲಿ ಬೆರೆಸ್ತಾ ಎಂಬ ಊರು, ಅಲ್ಲಿ ತಲೆತಲಾಂತರದಿಂದ ನೆಲೆಸಿದ್ದ ಯಹೂದಿಗಳು. ಅವರಲ್ಲೊಬ್ಬಳು ಹೆನ್ಯಾ. ತಂದೆತಾಯಿ ಇಲ್ಲದ ಹುಡುಗಿ. ಅವಳ ಅಣ್ಣ ಫೈವೆಲ್ ಹೆಬ್ಬಾತು ಸಾಕುತ್ತಿದ್ದ, ಅವಳು ಬಾತಿನ ಪುಕ್ಕ ತುಂಬಿ ದಿಂಬು ಹೊಲಿಯುತ್ತಿದ್ದಳು. ಕೈ ಹೊಲಿಯುತ್ತಿದ್ದಷ್ಟು ಹೊತ್ತೂ ಬಾಯಿ ಪ್ರಶ್ನೆ ಕೇಳುತ್ತಲೇ ಇರುತ್ತಿತ್ತು. ಹಿಮದಲ್ಲಿ ನಿಂತ ಬಾತಿನ ಕಾಲು ಯಾಕೆ ಮರಗಟ್ಟುವುದಿಲ್ಲ? ಹಾರಿಹೋದ ಹಕ್ಕಿಗೆ ದಾರಿ ಹೇಳಿದವರು ಯಾರು? ಫೈವೆಲ್ ಗೊತ್ತಿದ್ದಕ್ಕೆ ಉತ್ತರ ಹೇಳುತ್ತಿದ್ದ, ಗೊತ್ತಿಲ್ಲದ್ದಕ್ಕೆ ನಗುತ್ತಿದ್ದ.

ಒಂದು ವಸಂತದಲ್ಲಿ ಹೆನ್ಯಾ ಎದುರುಮನೆಯ ಮಾಡಿನ ಮೇಲೆ ಒಂದು ಕೊಕ್ಕರೆಯನ್ನು ಕಂಡಳು. ಅದು ಕಪ್ಪೆ ಹಿಡಿದು ತಂದು, ತಾನು ನುಂಗದೆ, ಕಾಲು ಮುರಿದ ಮುದಿ ಕೊಕ್ಕರೆಯ ಬಾಯಿಗೆ ಇಟ್ಟಿತು. ಹೆನ್ಯಾ ಸೂಜಿ ಕೆಳಗಿಟ್ಟು ನೇರವಾಗಿ ಊರಿನ ಗುರುಗಳಾದ ರೆಬ್ ಕೋಪೆಲರ ಬಳಿಗೆ ಹೋದಳು.

"ಗುರುಗಳೇ, ನಮ್ಮ ಶಾಸ್ತ್ರದಲ್ಲಿ ಕೊಕ್ಕರೆಯ ಹೆಸರು ಹಸೀದಾ. ಹಾಗೆಂದರೆ ದಯೆಯುಳ್ಳದ್ದು ಅಂತ ತಾನೆ? ಮತ್ತೆ ತಿನ್ನಬಾರದ ಹಕ್ಕಿಗಳ ಸಾಲಿಗೆ ಅದನ್ನು ಯಾಕೆ ಸೇರಿಸಿದ್ದಾರೆ? ಹದ್ದು, ಗಿಡುಗ ಹರಿದು ತಿನ್ನುವ ಹಕ್ಕಿಗಳು, ಸರಿ. ಇದೇನು ತಪ್ಪು ಮಾಡಿತು?"

"ಅದರ ದಯೆ ತನ್ನ ಜಾತಿಯ ಹಕ್ಕಿಗಳಿಗೆ ಮಾತ್ರ. ಅದಕ್ಕೇ ಅಂತ ಹಿರಿಯರು ಹೇಳಿದ್ದಾರೆ" ಎಂದರು ರೆಬ್ ಕೋಪೆಲ್.

"ಅಷ್ಟೇನಾ? ತನ್ನವರನ್ನು ಪ್ರೀತಿಸದವರು ಯಾರಿದ್ದಾರೆ? ಅದು ಅಂಥ ದೋಷವೇ?"

ಗುರುಗಳು ಗಡ್ಡ ನೀವಿಕೊಂಡರು. "ಕೇಳು, ಮಗಳೇ. ದೇವರು ಮಾಡಿದ ಪ್ರತಿಯೊಂದು ಆಹಾರದೊಳಗೂ ಬೆಳಕಿನ ಒಂದು ಕಿಡಿ ಅಡಗಿದೆ. ದೇವರನ್ನು ನೆನೆದು ಉಂಡರೆ ಆ ಕಿಡಿ ಬಿಡುಗಡೆಯಾಗಿ ಬಂದಲ್ಲಿಗೆ ಹೋಗುತ್ತದೆ. ಆದರೆ ನಿಷೇಧಿಸಿದ್ದು ಎನ್ನುವುದಕ್ಕೆ ನಮ್ಮ ಭಾಷೆಯಲ್ಲಿ ಒಂದು ಮಾತಿದೆಯಲ್ಲ, ಅದಕ್ಕೆ ಕಟ್ಟಿಹಾಕಿದ್ದು ಎಂದೇ ಅರ್ಥ. ಅದರ ಕಿಡಿಗೆ ಗಂಟು ಬಿದ್ದಿದೆ. ತಿಂದು ಆ ಗಂಟು ಬಿಚ್ಚಲು ಆಗುವುದಿಲ್ಲ. ತಿಂದವರೇ ಸಿಕ್ಕಿಬೀಳುತ್ತಾರೆ."

"ಹಾಗಾದರೆ ಆ ಕಿಡಿ ಎಂದೆಂದಿಗೂ ಅಲ್ಲೇ ಇರಬೇಕೆ?"

"ಆಸೆಯಾದರೂ ತಿನ್ನದೆ ದೂರವಿಟ್ಟಾಗ ಗಂಟು ಸಡಿಲವಾಗುತ್ತದಂತೆ. ಹೇಗೆ ಅಂತ ನಾನು ಕಣ್ಣಾರೆ ಕಂಡಿಲ್ಲ" ಎಂದರು ಗುರುಗಳು. ಹೆನ್ಯಾಗೆ ಸಮಾಧಾನವಾಗಲಿಲ್ಲ.

ಆ ಬೇಸಿಗೆಯಲ್ಲಿ ಸ್ಲೂಝಾ ನದಿ ಬತ್ತಿತು. ಬೆಟ್ಟದ ಹಿಮ ಎಂದಿನಂತೆ ಕರಗಿತ್ತು, ಆದರೆ ನೀರು ಮಾತ್ರ ಊರಿಗೆ ಇಳಿದು ಬರಲಿಲ್ಲ. ಬಾವಿಗಳ ತಳ ಕಂಡಿತು. ಏನಾಯಿತೆಂದು ನೋಡಲು ಹಲವರು ನದಿಯ ಮೇಲ್ಗಡೆಗೆ ಹೋದರು, ಮರಳಲಿಲ್ಲ. ರಾಜಕುಮಾರ ಲಾದಿಕ್ ಸೈನಿಕರನ್ನು ಕರೆದುಕೊಂಡು ಹೋದ, ಅವನೂ ಮರಳಲಿಲ್ಲ. ಕೊನೆಗೆ ಫೈವೆಲ್ ಹೋದ. ಆಕಾಶದಲ್ಲಿ ಕೊಕ್ಕರೆಗಳು ಮಾತ್ರ ದಿನದಿಂದ ದಿನಕ್ಕೆ ಹೆಚ್ಚಾದವು.

ಹೆನ್ಯಾ ರೊಟ್ಟಿ ಕಟ್ಟಿಕೊಂಡಳು, ಬಾತಿನ ಪುಕ್ಕದ ಶಾಲು ಹೊದ್ದುಕೊಂಡಳು, ಒಣಗಿದ ನದಿಯ ಪಾತ್ರದಲ್ಲೇ ಮೇಲಕ್ಕೆ ನಡೆದಳು. ಅವಳಿಗೆ ಭಯವಿತ್ತು. ಆದರೆ ಭಯಕ್ಕಿಂತ ಕುತೂಹಲ ಒಂದು ಹೆಜ್ಜೆ ಮುಂದಿತ್ತು.

ನಡೆದು ನಡೆದು ಅವಳು ಒಂದು ಒಡ್ಡಿನ ಬುಡಕ್ಕೆ ಬಂದಳು. ಕಡ್ಡಿ, ಕೊಂಬೆ, ಕೆಸರು ಸೇರಿಸಿ ಕಟ್ಟಿದ ದೊಡ್ಡ ಒಡ್ಡು. ಅದರಾಚೆ ಕಣ್ಣು ಹಾಯುವಷ್ಟು ದೂರವೂ ನೀರು. ನೀರಿನ ನಡುವೆ ಬಿಳಿಯ ಕೋಟೆ, ಕೋಟೆಯ ಗೋಪುರ ಗೋಪುರದ ಮೇಲೂ ಕೊಕ್ಕರೆ ಗೂಡು. ಅವಳು ಒಡ್ಡು ಹತ್ತಿ, ಅಲ್ಲಿಂದ ಚಾಚಿದ್ದ ಕೆಸರಿನ ಏರಿಯ ಮೇಲೆ ಕೋಟೆಯವರೆಗೂ ನಡೆದಳು. ಬಾಗಿಲಲ್ಲಿ ಸರಪಳಿ ಬಿಗಿದ ಒಂದು ನರಿ ಮಲಗಿತ್ತು. ಅದರ ಪಕ್ಕೆಲುಬು ಎಣಿಸುವಂತಿತ್ತು.

"ನಾನು ರಾಜಕುಮಾರ ಲಾದಿಕ್" ಎಂದಿತು ನರಿ. "ಇಲ್ಲಿಯ ಒಡೆಯ ಗೋರ್ಮಾಟ, ಮಾಂತ್ರಿಕ. ಅವನ ಊಟ ಉಂಡವರೆಲ್ಲ ಕೊಕ್ಕರೆಗಳಾದರು. ನಾನು ಉಣ್ಣಲಿಲ್ಲ, ಹೀಗಾದೆ."

ಹೆನ್ಯಾ ರೊಟ್ಟಿ ಮುರಿದು ಕೊಟ್ಟಳು. ನರಿ ತಿಂದಿತು. "ಹಸಿವು ತುಸು ತಗ್ಗಿತು, ತಾಯಿ. ಸರಪಳಿ ಬಿಡುವುದಿಲ್ಲ. ಒಳಗಿನವರಲ್ಲೊಬ್ಬರು ತಾವಾಗಿಯೇ ನನಗೆ ಒಂದು ತುತ್ತು ಕೊಟ್ಟರೆ ಮಾತ್ರ ಬಿಡುತ್ತದೆ. ಅವರು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಾರೆ. ನನ್ನ ಕಡೆ ನೋಡುವುದೂ ಇಲ್ಲ."

ಹೆನ್ಯಾ ಒಳಗೆ ಹೋದಳು. ಗೋರ್ಮಾಟ ಬಿಳಿ ನಿಲುವಂಗಿಯ ತೆಳ್ಳನೆಯ ಮನುಷ್ಯ. ಅವನ ಮಾತು ಬಹಳ ಮೃದು. ಹೆನ್ಯಾಳನ್ನು ಕೂರಿಸಿ, ಮುಂದೆ ಬೆಳ್ಳಿಯ ತಟ್ಟೆ ಇಟ್ಟ. ತಟ್ಟೆಯಲ್ಲಿ ಹಬೆಯಾಡುವ ಮಾಂಸ.

"ಇದು ಯಾವ ಮಾಂಸ?" ಎಂದಳು ಹೆನ್ಯಾ.

"ಕೊಕ್ಕರೆಯದು. ಸತ್ತುಬಿದ್ದಿದ್ದ ಒಂದೇ ಒಂದು ಕೊಕ್ಕರೆ ನನ್ನ ಕೊಪ್ಪರಿಗೆಯಲ್ಲಿ ಬೇಯುತ್ತಿದೆ. ಎಷ್ಟು ಬಡಿಸಿದರೂ ಮುಗಿಯದು. ದೂರದಿಂದ ಬಂದಿದ್ದೀಯೆ, ಹಸಿದಿದ್ದೀಯೆ, ಉಣ್ಣು. ಇಲ್ಲಿ ನಮ್ಮವರು ಯಾರೂ ಹಸಿದಿರುವುದಿಲ್ಲ."

ಹೆನ್ಯಾಗೆ ಆಸೆಯಾಯಿತು. ಆದರೂ ಬಾಗಿಲ ಕಡೆ ತಿರುಗಿದಳು. "ಬಾಗಿಲಲ್ಲಿರುವ ನರಿ?"

"ಅದು ನಮ್ಮದಲ್ಲ."

ಹೆನ್ಯಾ ತಟ್ಟೆ ದೂರ ಸರಿಸಿದಳು. ಮಾಂಸದೊಳಗೆ ಏನೋ ಒಮ್ಮೆ ಮಿನುಗಿ ಆರಿತು.

ಗೋರ್ಮಾಟ ತಟ್ಟೆಯನ್ನು ಮತ್ತೆ ಮುಂದಿಟ್ಟ. "ನಿನ್ನ ಊರು ಬಾಯಾರಿದೆ. ಒಂದು ತುತ್ತು ಉಣ್ಣು, ಬೆರೆಸ್ತಾಕ್ಕೆ ಒಂದು ಕಾಲುವೆ ಬಿಡುತ್ತೇನೆ. ನಿಮ್ಮ ಬಾವಿಗಳೆಲ್ಲ ತುಂಬುತ್ತವೆ."

ಈ ಮಾತು ಹೆನ್ಯಾಳನ್ನು ಹಿಡಿದು ನಿಲ್ಲಿಸಿತು. ಪಕ್ಕದ ಮನೆಯ ಬಾಣಂತಿ ಒದ್ದೆ ಬಟ್ಟೆಯಿಂದ ಮಗುವಿನ ತುಟಿ ಒರೆಸುತ್ತಿದ್ದದ್ದು ಕಣ್ಣ ಮುಂದೆ ಬಂತು. ಅವಳ ಕೈ ತಟ್ಟೆಯವರೆಗೂ ಹೋಯಿತು.

"ನಮ್ಮ ಊರಿನ ಕೆಳಗಿರುವ ಊರುಗಳಿಗೆ?"

"ಅವರು ನಿನ್ನವರೇ?" ಎಂದ ಗೋರ್ಮಾಟ, ನಿಜವಾಗಿಯೂ ಅರ್ಥವಾಗದವನಂತೆ.

ಹೆನ್ಯಾ ಕಣ್ಣು ಮುಚ್ಚಿ ತಟ್ಟೆ ದೂರ ಸರಿಸಿದಳು. ಮಾಂಸದೊಳಗಿನ ಮಿನುಗು ಈ ಸಲ ಆರಲಿಲ್ಲ.

ಆಗ ಗೋರ್ಮಾಟ ಚಪ್ಪಾಳೆ ತಟ್ಟಿದ. ಕಿಟಕಿಯಿಂದ ಒಂದು ಕೊಕ್ಕರೆ ಒಳಗೆ ಬಂದು ನಿಂತಿತು. ಅದರ ಎಡಗಣ್ಣಿನ ಮೇಲೆ ಗಾಯದ ಗುರುತು. ಬಾತು ಕುಕ್ಕಿ ಫೈವೆಲನಿಗೆ ಆಗಿದ್ದ ಗಾಯ ಅದು.

"ಅಣ್ಣಾ" ಎಂದಳು ಹೆನ್ಯಾ.

ಕೊಕ್ಕರೆ ಅವಳನ್ನು ಗೋಡೆಯನ್ನು ನೋಡಿದಂತೆ ನೋಡಿತು.

"ಉಂಡರೆ ನೀನೂ ಅವನ ಜಾತಿಯವಳಾಗುತ್ತೀಯೆ. ಆಮೇಲೆ ಅವನು ನಿನ್ನನ್ನು ಗುರುತಿಸುತ್ತಾನೆ, ತನ್ನ ಬಾಯಿಯ ತುತ್ತು ನಿನಗೆ ಕೊಡುತ್ತಾನೆ. ನಿನಗೆ ಬೇರೆ ಯಾರಿದ್ದಾರೆ?" ಎಂದ ಗೋರ್ಮಾಟ.

ಹೆನ್ಯಾಗೆ ಬೇರೆ ಯಾರೂ ಇರಲಿಲ್ಲ. ಅಳು ಒತ್ತರಿಸಿ ಬಂತು. ಆ ಅಳುವಿನಲ್ಲೇ ಅವಳು ತಟ್ಟೆಯನ್ನು ಮೂರನೆಯ ಸಲ ದೂರ ತಳ್ಳಿದಳು. "ನನ್ನ ಅಣ್ಣ ಅಂಥವನಾಗಿರಲಿಲ್ಲ. ಅಂಥವನ ತಂಗಿಯಾಗಿ ನಾನು ಏನು ಮಾಡಲಿ?"

ತಟ್ಟೆಯಿಂದ ಸಾಸಿವೆಯಷ್ಟು ಬೆಳಕಿನ ಕಿಡಿಯೊಂದು ಎದ್ದಿತು. ಕೋಣೆಯನ್ನು ಒಮ್ಮೆ ಸುತ್ತಿತು. ಕೊಕ್ಕರೆಯ ಕಣ್ಣಿನಲ್ಲಿ ಒಂದು ಕ್ಷಣ ಹೊಳೆದು, ಕಿಟಕಿಯಿಂದ ಮೇಲಕ್ಕೆ ಹೋಯಿತು. ಕೊಪ್ಪರಿಗೆಯ ಹಬೆ ನಿಂತಿತು. ಅವಳನ್ನೂ ನರಿಯಾಗಿಸಲು ಕೈ ಎತ್ತಿದ್ದ ಗೋರ್ಮಾಟ ಅದನ್ನು ಬಿಟ್ಟು ಕೊಪ್ಪರಿಗೆಯ ಕಡೆಗೆ ಓಡಿದ. ಕೊಕ್ಕರೆ ಹಾರಿಹೋಯಿತು, ಹೆನ್ಯಾ ಅದನ್ನು ಹಿಂಬಾಲಿಸಿ ಅಂಗಳಕ್ಕೆ ಬಂದಳು.

ಅಷ್ಟರಲ್ಲಿ ಗಾಳಿ ಎದ್ದಿತು. ಗೋಪುರದ ಗೂಡಿನಿಂದ ಒಂದು ಕೊಕ್ಕರೆ ಮರಿ ಕೆಳಗೆ ಬಿದ್ದಿತು. ಹೆನ್ಯಾ ಅದನ್ನೆತ್ತಿ ಶಾಲಿನೊಳಗೆ ಇಟ್ಟುಕೊಂಡು, ರೊಟ್ಟಿ ಅಗಿದು ಮೆತ್ತಗೆ ಮಾಡಿ ಬಾಯಿಗೆ ಹಾಕಿದಳು. ನೀರಿನಿಂದ ಮೀನು ಹಿಡಿದು ಬಂದ ಫೈವೆಲ್ ಕೊಕ್ಕರೆ ಅದನ್ನು ನೆಲಕ್ಕಿಟ್ಟು ರೆಕ್ಕೆ ಬಿಚ್ಚಿ ಎದುರು ನಿಂತಿತು.

"ಕೊಡು. ಅದು ನಮ್ಮದು."

"ತಗೋ. ಕಾಲಿಗೆ ಪೆಟ್ಟಾಗಿದೆ, ಮೆಲ್ಲಗೆ ಹಿಡಿ."

ಕೊಕ್ಕರೆ ಮರಿಯನ್ನು ರೆಕ್ಕೆಯಡಿಗೆ ಎಳೆದುಕೊಂಡಿತು. ಆದರೆ ಹೋಗಲಿಲ್ಲ. ಕತ್ತು ಓರೆ ಮಾಡಿ ಅವಳನ್ನೇ ನೋಡಿತು. "ನೀನು ನಮ್ಮವಳಲ್ಲ. ಮತ್ತೆ ಯಾಕೆ ಉಣಿಸಿದೆ?"

"ಅದಕ್ಕೆ ಹಸಿವಾಗಿತ್ತು."

"ಅಷ್ಟೇನಾ?"

"ಅಷ್ಟೇ."

ಕೊಕ್ಕರೆ ಮರಿಯನ್ನು ನೋಡಿತು, ಬಾಗಿಲಲ್ಲಿದ್ದ ನರಿಯನ್ನು ನೋಡಿತು. ಆಮೇಲೆ ನೆಲದ ಮೇಲಿನ ಮೀನನ್ನು ಕಚ್ಚಿಕೊಂಡು, ಬಾಗಿಲವರೆಗೂ ತಡವರಿಸುತ್ತ ನಡೆದು, ನರಿಯ ಮುಂದೆ ಇಟ್ಟಿತು.

ಸರಪಳಿ ಕಳಚಿ ಬಿತ್ತು. ನರಿ ಇದ್ದಲ್ಲಿ ರಾಜಕುಮಾರ ಎದ್ದು ನಿಂತ. ಕೊಕ್ಕರೆಯ ಪುಕ್ಕಗಳು ಉದುರಿ, ನಡುವೆ ಫೈವೆಲ್, ಎದೆಗೆ ಮರಿಯನ್ನು ಅವುಚಿಕೊಂಡು ಕೂತಿದ್ದ. "ಹೆನ್ಯಾ, ನೀನು ಯಾವಾಗ ಬಂದೆ?" ಎಂದ. ಅವಳು ತನ್ನ ಶಾಲು ತೆಗೆದು ಅವನಿಗೆ ಹೊದಿಸಿದಳು.

ಗೋಪುರಗಳ ಮೇಲೆ ಕೊಕ್ಕರೆಗಳು ಯಾಕೆ, ಯಾಕೆ ಎಂದು ಒಂದನ್ನೊಂದು ಕೇಳತೊಡಗಿದವು. ಕೇಳಿದವುಗಳೆಲ್ಲ ಮನುಷ್ಯರಾಗಿ ಏಣಿ ಹುಡುಕುತ್ತ ಕೆಳಗಿಳಿದರು. ಎಲ್ಲರೂ ಸೇರಿ ಒಡ್ಡು ಕಿತ್ತರು. ಸ್ಲೂಝಾ ಗರ್ಜಿಸುತ್ತ ಕೆಳಗಿನ ಊರೂರಿಗೂ ಇಳಿಯಿತು.

ಗೋರ್ಮಾಟ ತಣ್ಣಗಾದ ಕೊಪ್ಪರಿಗೆಯ ಪಕ್ಕದಲ್ಲಿ ಕೂತಿದ್ದ. ಮಾಂತ್ರಿಕ ಹೋಗಿ, ಬರೀ ಒಬ್ಬ ಮುದುಕ ಉಳಿದಿದ್ದ. "ಒಂದು ಬರಗಾಲದಲ್ಲಿ ಹೆಂಡತಿ ಮಗುವನ್ನು ಕರೆದುಕೊಂಡು ಊರೂರು ಅಲೆದೆ" ಎಂದ. "ಪ್ರತಿ ಬಾಗಿಲಲ್ಲೂ ಒಂದೇ ಮಾತು, ನೀನು ನಮ್ಮವನಲ್ಲ ಅಂತ. ಇಬ್ಬರೂ ದಾರಿಯಲ್ಲೇ ತೀರಿಹೋದರು. ನಮ್ಮವರು ಎನ್ನುವವರು ನನಗೂ ಬೇಕೆನಿಸಿತು. ನದಿಗೆ ಒಡ್ಡು ಕಟ್ಟಿದೆ, ನೀರು ಹುಡುಕಿ ಬಂದವರನ್ನೆಲ್ಲ ನನ್ನವರನ್ನಾಗಿ ಮಾಡಿಕೊಂಡೆ."

"ಬೆರೆಸ್ತಾಕ್ಕೂ ಬಂದಿದ್ದೆಯಾ, ಅಜ್ಜ?" ಎಂದು ಕೇಳಿದಳು ಹೆನ್ಯಾ.

"ಬಂದಿದ್ದೆ."

ಹೆನ್ಯಾ ತಲೆ ತಗ್ಗಿಸಿದಳು. ಉಳಿದಿದ್ದ ರೊಟ್ಟಿಯನ್ನು ಅವನ ಕೈಗಿಟ್ಟು, ಅವನು ಉಂಡು ಮುಗಿಸುವವರೆಗೂ ಪಕ್ಕದಲ್ಲೇ ಕೂತಳು.

ರೆಬ್ ಕೋಪೆಲರು ಈ ಕತೆಯನ್ನು ಪೂರ್ತಿ ಕೇಳಿದರು. ಮಧ್ಯೆ ಮಧ್ಯೆ ಅವರು ಹಾಕಿದ ಪ್ರಶ್ನೆಗಳಿಗೆ ಉತ್ತರಿಸಿ ಹೆನ್ಯಾಗೇ ಸಾಕುಸಾಕಾಯಿತು. ಲಾದಿಕ್ ರಾಜನಾದ. ಹಸಿದು ಬಂದವನಿಗೆ ಮೊದಲು ಊಟ, ಊರು ಹೆಸರು ಕೇಳುವುದು ಆಮೇಲೆ ಎಂದು ಡಂಗುರ ಹೊಡೆಸಿದ. ಒಡ್ಡಿನ ನೀರು ಇಳಿದ ಮೇಲೆ ಉಳಿದ ಜೌಗಿನ ಒಂದು ಭಾಗವನ್ನು ನಿಜವಾದ ಕೊಕ್ಕರೆಗಳಿಗೇ ಬಿಟ್ಟುಕೊಟ್ಟ. ಫೈವೆಲ್ ಮದುವೆಯಾದ, ಮರುವರ್ಷ ಹೆನ್ಯಾಳದೂ ಆಯಿತು. ಗೋರ್ಮಾಟ ಬೆರೆಸ್ತಾದಲ್ಲೇ ಉಳಿದ. ವಾರಕ್ಕೊಂದು ಮನೆಯವರು ಅವನನ್ನು ವಾರದ ಪವಿತ್ರ ದಿನವಾದ ಸಬ್ಬತ್ತಿನ ಊಟಕ್ಕೆ ಕರೆಯುತ್ತಿದ್ದರು. ಒಂದು ಸಲ ಇಬ್ಬರು ಗೃಹಿಣಿಯರು, "ಈ ವಾರ ಅಜ್ಜ ನಮ್ಮವರು", "ಅಲ್ಲ, ನಮ್ಮವರು" ಎಂದು ಬೀದಿಯಲ್ಲೇ ಜಗಳಕ್ಕೆ ನಿಂತರು. ಮುದುಕ ನಡುವೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ.

ವೊಲ್ಹಾವಾದ ಜನ ಸುಖವಾಗಿ ಬಾಳಿದರು. ಸ್ಲೂಝಾ ಈಗಲೂ ಹರಿಯುತ್ತಿದೆಯಂತೆ. ಬಾಯಾರಿದವರು ಯಾರೇ ಆಗಲಿ, ಬೊಗಸೆಯೊಡ್ಡಿ ಕುಡಿಯಬಹುದಂತೆ.