ಮೇಜುಬಟ್ಟೆಯ ಎರಡು ಹಸಿರು

"ಅಯ್ಯೋ, ತಾಮ್ರಪಟ ಇಲ್ಲ!"

ಮಲ್ಲಿಕಾರ್ಜುನಯ್ಯನವರ ಕೂಗಿಗೆ ಊಟದ ಪಂಕ್ತಿಯೇ ಎದ್ದು ನಿಂತಿತು. ಕೊರಟಗೆರೆಯ ಆ ಸಭಾಭವನದ ವೇದಿಕೆಯ ಮೇಲೆ ಹಸಿರು ಬಟ್ಟೆ ಹೊದಿಸಿದ ಮೇಜು ಇತ್ತು, ಸೇವಂತಿಗೆ ಹೂವಿತ್ತು. ನಡುವೆ ಇರಬೇಕಾದ ತಾಮ್ರಪಟ ಮಾತ್ರ ಮಾಯ! ಕೆರೆ ಕಟ್ಟಿಸಿದ್ದಕ್ಕೆ ಪಾಳೆಯಗಾರರು ಅವರ ಹಿರಿಯರಿಗೆ ಬರೆಸಿಕೊಟ್ಟದ್ದು ಅದು. ನಿವೃತ್ತ ಇತಿಹಾಸ ಮೇಷ್ಟ್ರಾದ ಅವರು ಅಂದೇ ಮೊದಲ ಸಲ ಅದನ್ನು ಹತ್ತು ಜನರಿಗೆ ತೋರಿಸಿದ್ದರು.

ಸಬ್ ಇನ್‌ಸ್ಪೆಕ್ಟರ್ ಲೋಹಿತಾ ಬರುವ ಹೊತ್ತಿಗೆ ಭವನದ ತುಂಬ ಗುಲ್ಲೋ ಗುಲ್ಲು. ಈ ಠಾಣೆಗೆ ಬಂದ ಮೇಲೆ ಆಕೆಗೆ ಸಿಕ್ಕ ಮೊದಲ ದೊಡ್ಡ ಪ್ರಕರಣ. ಆದರೂ ದನಿ ತಣ್ಣಗಿತ್ತು.

"ಊಟದ ಹೊತ್ತಲ್ಲಿ ಇಲ್ಲಿ ಯಾರಿದ್ರು?"

"ಯಾರೂ ಇರ್ಲಿಲ್ಲ ಮೇಡಂ. ವಿಡಿಯೊ ಕ್ಯಾಮೆರಾ ಒಂದಿತ್ತು," ಎಂದ ಮೇಷ್ಟ್ರ ಮಗ ರುದ್ರಮುನಿ. "ಊಟಕ್ಕೆ ಹೋಗೋವಾಗ್ಲೂ ಅದರ ಕೆಂಪು ದೀಪ ಉರೀತಿತ್ತು, ಬಂದಾಗ್ಲೂ ಉರೀತಿತ್ತು. ಎಲ್ರೂ ನೋಡವ್ರೆ."

"ಕ್ಯಾಮೆರಾದವನೆಲ್ಲಿ?"

ಮಧುಗಿರಿಯ ನವೀನ್ ಕುಮಾರ್ ಅಷ್ಟರಲ್ಲಿ ಸಾಮಾನು ಕಟ್ಟಿಕೊಂಡು ಸಂಜೆಯ ಆರತಕ್ಷತೆಗೆ ಹೊರಟುಹೋಗಿದ್ದ. ಫೋನ್ ಮಾಡಿದರೆ, "ಆಫ್ ಮಾಡಾದ್ ಮರ್ತ್‌ಬುಟ್ಟಿದ್ದೆ ಮೇಡಂ. ಒಳ್ಳೇದೇ ಆಯ್ತಲ್ಲ! ಡಿವಿಡಿ ಮಾಡಿ ತಂದ್ಕೊಡ್ತೀನಿ," ಎಂದ.

ಮರುದಿನ ತಂದೂ ಕೊಟ್ಟ.

"ಕ್ಯಾಮೆರಾದ ಕಾರ್ಡು?"

"ಅದ್ರಲ್ಲೇ ಆರತಕ್ಷತೆ ತೆಗ್ದ್‌ಬುಟ್ಟೆ ಮೇಡಂ. ಹಳೇದೆಲ್ಲ ಅಳಿಸಿಹೋಯ್ತು. ಡಿವಿಡೀಲಿ ಎಲ್ಲಾ ಐತೆ."

ಠಾಣೆಯ ಟೀವಿಯ ಮುಂದೆ ಎಲ್ಲರೂ ಕುಳಿತರು. ಖಾಲಿ ಭವನ. ಮೇಜಿನ ಮೇಲೆ ತಾಮ್ರಪಟ. ಯಾರೂ ಇಲ್ಲ—ಯಾರೂ ಇಲ್ಲ—ಥಟ್ಟನೆ ಕ್ಯಾಮೆರಾದ ಮುಂದಿನಿಂದಲೇ ಒಬ್ಬರು ಹಾದುಬಂದರು. ಅವರ ಬೆನ್ನು ತೆರೆಯನ್ನೆಲ್ಲ ತುಂಬಿತು. ಮೇಜಿನ ಹತ್ತಿರ ಬಗ್ಗಿದರು, ತಿರುಗಿ ನಡೆದರು. ಶಿರಾದ ಪಾತ್ರೆ ವ್ಯಾಪಾರಿ ಜಹೀರ್ ಅಹಮದ್! ಮೇಷ್ಟ್ರ ಬಹುಕಾಲದ ಗೆಳೆಯ.

ಅವರು ಹೋದ ಮೇಲೆ ಮೇಜಿನ ಮೇಲೆ ಹೂವಷ್ಟೇ ಇತ್ತು.

"ಇನ್ನೇನ್ ಬೇಕು?" ರುದ್ರಮುನಿ ಕುರ್ಚಿಯಿಂದ ಚಿಮ್ಮಿದ. "ಇವ್ರೇ ಕಣಪ್ಪಾ! ಪಟಾನ ಕೊಂಡ್ಕೊತೀನಿ ಅಂತ ಕೇಳಿರ್ಲಿಲ್ವಾ?"

ಸಂಜೆಯೊಳಗೆ ಸುದ್ದಿ ಶಿರಾ ಮುಟ್ಟಿತು. ಪೇಟೆಯ ಜನ ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದಂತೆ ಅಂದರು. ಠಾಣೆಗೆ ಬಂದ ಜಹೀರ್ ಅಹಮದರನ್ನು ಲೋಹಿತಾ ಎದುರಿಗೆ ಕೂರಿಸಿಕೊಂಡಳು.

"ಪಟ ಎಲ್ಲಿ ಸಾಹೇಬ್ರೇ?"

"ನಾನ್ ಹೋದಾಗ ಅಲ್ಲಿರ್ಲೇ ಇಲ್ಲ ಮೇಡಂ. ಮೇಷ್ಟ್ರು ಎತ್ತಿಟ್ಟವ್ರೆ ಅಂದ್ಕೊಂಡೆ."

"ಮತ್ತೆ ಬಗ್ಗಿದ್ಯಾಕೆ?"

"ಹೂವು ಕೆಳಗೆ ಬಿದ್ದಿತ್ತು. ಎತ್ತಿ ಮೇಜಿನ ಮೇಲಿಟ್ಟೆ."

"ಕೊಂಡ್ಕೊಳ್ಳೋಕೆ ಕೇಳಿದ್ದು ನಿಜಾನಾ?"

"ನಿಜ. ಮಾರೋ ಯೋಚ್ನೆ ರುದ್ರಮುನಿಗಿತ್ತು, ಮೇಷ್ಟ್ರು ಬ್ಯಾಡ ಅಂದ್ರು. ಅಲ್ಲಿಗೆ ಖತಂ. ಖುದಾ ಕಸಂ, ನಾನು ಮುಟ್ಟಿಲ್ಲ!"

ತಂದೆಯ ಜೊತೆ ಅಲ್ಲೇ ಕುಳಿತಿದ್ದ ರುದ್ರಮುನಿ ತಲೆ ತಗ್ಗಿಸಿದ. ಹಾಗಾದರೆ ಇವನಿಗೂ ಪಟದ ಮೇಲೆ ಕಣ್ಣಿತ್ತೆ? ಲೋಹಿತಾಗೆ ಯಾರ ಮಾತನ್ನು ನಂಬಬೇಕೋ ತಿಳಿಯಲಿಲ್ಲ. ಮುದುಕರ ಕಣ್ಣಲ್ಲಿ ಕಪಟ ಕಾಣುತ್ತಿಲ್ಲ. ಆದರೆ ವಿಡಿಯೊ ಸುಳ್ಳು ಹೇಳುತ್ತದೆಯೇ?

ಅಷ್ಟರಲ್ಲಿ ಡಿವಿಡಿಯ ಕೊನೆಯಲ್ಲಿದ್ದ ಸಮಾರಂಭದ ಫೋಟೊಗಳನ್ನು ನೋಡುತ್ತಿದ್ದ ಮಲ್ಲಿಕಾರ್ಜುನಯ್ಯ ಗಾಬರಿಯಾಗಿ ಕೂಗಿದರು.

"ಇದು ನಮ್ಮ ಪಟವೇ ಅಲ್ಲ! ವಿಡಿಯೊದಾಗೆ ಕೆಂಪಗೈತೆ, ಫೋಟೊದಾಗೆ ಕಂದು ಬಣ್ಣ. ಯಾರೋ ಮೊದ್ಲೇ ನಕಲಿ ತಂದಿಟ್ಟವ್ರೆ!"

ಲೋಹಿತಾ ರಿಮೋಟ್ ಕಸಿದುಕೊಂಡಂತೆ ತೆಗೆದುಕೊಂಡಳು. ವಿಡಿಯೊ—ಫೋಟೊ—ಮತ್ತೆ ವಿಡಿಯೊ. ಪಟದ ಬಣ್ಣವಷ್ಟೇ ಅಲ್ಲ, ಮೇಜುಬಟ್ಟೆಯೂ ಬದಲಾಗಿತ್ತು. ವಿಡಿಯೊದಲ್ಲಿ ಗಿಳಿಹಸಿರು, ಫೋಟೊದಲ್ಲಿ ಪಾಚಿಹಸಿರು! ಮೇಷ್ಟ್ರ ಶಾಲೂ ಹಾಗೆಯೇ ಮಂಕಾಗಿತ್ತು. ಪಟ ನಕಲಿಯಾಗಿದ್ದರೆ ಬಟ್ಟೆಯ ಬಣ್ಣವೇಕೆ ಬದಲಾಗಬೇಕು?

ಆಕೆ ಥಟ್ಟನೆ ವಿಡಿಯೊವನ್ನು ಹಿಂದಕ್ಕೆ ಓಡಿಸಿದಳು. ಖಾಲಿ ಭವನದ ದೃಶ್ಯ. ಕಣ್ಣನ್ನು ಪಟದಿಂದ ಕಿತ್ತು ಬಟ್ಟೆಯ ಮೇಲೆ ನೆಟ್ಟಳು. ಗಿಳಿಹಸಿರು... ಗಿಳಿಹಸಿರು...

"ಸಿಕ್ಕಿತು!" ಎಂದು ಮೇಜು ಗುದ್ದಿದಳು. "ಭೀಮರಾಜು! ಮಧುಗಿರಿಗೆ ಹೋಗಿ ನವೀನ್ ಕುಮಾರ್‌ನ ಕರ್ಕೊಂಡ್ ಬನ್ನಿ. ಅವನ ಕಂಪ್ಯೂಟರೂ ಬರಲಿ!"

ಪಾವಗಡದ ಕಡೆಯ ಕಾನ್‌ಸ್ಟೇಬಲ್ ಭೀಮರಾಜು ಜೀಪಿಗೆ ಹಾರಿದ.

ಎಲ್ಲರೂ ಸೇರಿದ ಮೇಲೆ ಲೋಹಿತಾ ಟೀವಿಯ ಪಕ್ಕದಲ್ಲಿ ನಿಂತಳು.

"ಡಿವಿಡಿ ಮಾಡುವಾಗ ಕಂಪ್ಯೂಟರು ವಿಡಿಯೊದ ಬಣ್ಣವನ್ನ ಒಂದು ರೀತಿ ಲೆಕ್ಕ ಹಾಕುತ್ತೆ, ಫೋಟೊದ ಬಣ್ಣವನ್ನ ಇನ್ನೊಂದು ರೀತಿ. ಎರಡನ್ನೂ ಹೊಂದಿಸದೆ ಬಿಟ್ಟರೆ ಒಂದೇ ವಸ್ತು ಎರಡು ಬಣ್ಣವಾಗಿ ಕಾಣುತ್ತೆ. ಹೌದಾ ನವೀನ್?"

"ಹೌ... ಹೌದು ಮೇಡಂ. ಎಲ್ರಿಗೂ ಆಗೋದೇ."

"ಪಟ ನಕಲಿಯಲ್ಲ. ಆದರೆ ಇಲ್ಲಿ ನೋಡಿ. ಇದು ವಿಡಿಯೊ ಅಲ್ವಾ? ಗಿಳಿಹಸಿರು. ಈಗ?"

ತೆರೆಯ ಮೇಲೆ ಬಟ್ಟೆ ಕಣ್ಣು ಮಿಟುಕಿಸುವಷ್ಟರಲ್ಲಿ ಪಾಚಿಹಸಿರಾಯಿತು. ಪಟ ಕಂದಾಯಿತು. ಜಹೀರ್ ಅಹಮದರ ಬೆನ್ನು ಬಂದೊಡನೆ ಮತ್ತೆ ಗಿಳಿಹಸಿರು!

"ನಡುವೆ ಇರೋದು ವಿಡಿಯೊ ಅಲ್ಲ, ಫೋಟೊ! ಹಿಂದಿನ ಬ್ಯಾನರ್ ನೋಡಿ. ಮೊದಲು ಫ್ಯಾನಿನ ಗಾಳಿಗೆ ಅಲ್ಲಾಡ್ತಿದೆ. ಪಾಚಿಹಸಿರು ಬಂದ ಕೂಡಲೇ ಕಲ್ಲಿನಂತೆ ನಿಂತಿದೆ. ನಾವೆಲ್ಲ ಪಟವನ್ನೇ ನೋಡ್ತಾ ಕೂತೆವು, ಸುತ್ತಲಿನದನ್ನ ನೋಡಲಿಲ್ಲ."

"ಅಂದ್ರೆ?" ಎಂದ ರುದ್ರಮುನಿ.

"ಪಟ ಕದ್ದದ್ದು ಆ ಹೊತ್ತಿನಲ್ಲೇ. ಕಳ್ಳನ ಮುಖ ಕ್ಯಾಮೆರಾದಲ್ಲಿ ಬಿದ್ದಿತ್ತು. ಕೆಂಪು ದೀಪವನ್ನ ಎಲ್ಲರೂ ನೋಡಿದ್ರು, ಹಾಗಾಗಿ ಏನೂ ಇಲ್ಲ ಅನ್ನುವಂತಿರಲಿಲ್ಲ. ಪಟ ಇದ್ದಾಗಿನ ವಿಡಿಯೊದಿಂದಲೇ ಒಂದು ಚಿತ್ರ ತೆಗೆದು ಆ ಜಾಗಕ್ಕೆ ಅಂಟಿಸಿದ. ಆಮೇಲೆ ಬಂದ ಸಾಹೇಬರ ತಲೆಗೆ ಕಟ್ಟಿದ. ಹಾಗೆ ಅಂಟಿಸಬಲ್ಲವನು ಇಲ್ಲಿ ಒಬ್ಬನೇ. ನವೀನ್ ಕುಮಾರ್!"

"ಸುಳ್ಳು!"

"ಅಳಿಸಿದ್ದನ್ನ ನಿನ್ನ ಕಂಪ್ಯೂಟರಿಂದ ತೆಗೆಸ್ತೀವಿ. ಆಗ ಏನಂತೀಯ?"

ನವೀನ್ ಹಣೆಯ ಬೆವರು ಒರೆಸಿಕೊಂಡ.

"ಪಾವಗಡದಾಗೆ... ನಮ್ ಭಾವನ ಅಂಗ್ಡೀಲಿ ಐತೆ ಮೇಡಂ. ಕ್ಯಾಮೆರಾ ಆನ್ ಇತ್ತು ಅಂತ ಆಮ್ಯಾಕೆ ನೋಡ್ದೆ. ಹೆದರಿ ಇಂಗ್ ಮಾಡ್‌ಬುಟ್ಟೆ."

ಭೀಮರಾಜು ಮತ್ತೆ ಓಡಿದ. ಎಲ್ಲರೂ ಠಾಣೆಯಲ್ಲೇ ಕಾದರು. ಕೊನೆಗೆ ಲೋಹಿತಾಳ ಫೋನು ಹೊಡೆದುಕೊಂಡಿತು.

"ದೊರಿಕಿಂದಿ ಮೇಡಂ! ಸಿಕ್ತು! ಒಂದು ಗೀರೂ ಇಲ್ಲ!"

ಮಲ್ಲಿಕಾರ್ಜುನಯ್ಯ ಎದ್ದು ಗೆಳೆಯನ ಮುಂದೆ ಕೈ ಮುಗಿದರು. "ಜಹೀರಣ್ಣಾ, ನಾನೂ ನಂಬ್‌ಬುಟ್ಟೆ ಕಣಯ್ಯ. ತಪ್ಪಾಯ್ತು."

ಜಹೀರ್ ಅಹಮದ್ ಆ ಕೈಗಳನ್ನು ಹಿಡಿದು ಕೆಳಗಿಳಿಸಿದರು. ಕಣ್ಣು ತುಂಬಿದ್ದರೂ ಮಾತು ಗಟ್ಟಿಯಾಗಿತ್ತು.

"ಇಲ್ಲಿ ಬ್ಯಾಡ ಮೇಷ್ಟ್ರೇ. ಶಿರಾದಾಗೆ, ಪೇಟೆ ಜನಕ್ಕೆಲ್ಲ ಕೇಳಂಗೆ ಹೇಳ್ರಿ."

"ಹೇಳ್ತೀನಿ. ಈಗ್ಲೇ ನಡಿ," ಎಂದರು ಮೇಷ್ಟ್ರು. ರುದ್ರಮುನಿ ಯಾರೂ ಕರೆಯದಿದ್ದರೂ ಎದ್ದು ಅವರ ಹಿಂದೆ ಹೊರಟ.