ಹೆಬ್ಬೆಟ್ಟು ಒತ್ತಿದ ಲಕೋಟೆ

"ಒಳಗಿನ ಹಾಡು ಕೇಳಂಗಿಲ್ಲ ಅಂತ ಆಣಿ ಮಾಡ್ರಿ. ಅಂದ್ರನ ಫೋನ್ ಕೊಡ್ತೀನಿ!"

ಸ್ಟೇಷನ್ ರಸ್ತೆಯ ಪುಟ್ಟ ಮೊಬೈಲ್ ಅಂಗಡಿಯಲ್ಲಿ ಜಾವೀದ ತಲೆ ಎತ್ತಿದ. ಎದುರಿಗೆ ನಿಂತವಳು ತಿಕೋಟಾದ ಕೈನಾತ. ಕಣ್ಣಲ್ಲಿ ಅನುಮಾನ, ಮುಷ್ಟಿಯಲ್ಲಿ ಫೋನು.

"ಆಣಿ ಮಾಡೇನ್ರಿ. ಏನಾಗೇತಿ ಹೇಳ್ರಿ."

ಆಗಿದ್ದು ಒಂದೇ ಎರಡೇ! ಮಾಮು ಪರದೇಶದಿಂದ ತಂದುಕೊಟ್ಟ ಹಾಡಿನ ಫೋನು. ಅಲ್ಲಿನ ಕಂಪನಿಯ ಸಿಮ್ ಬಿಟ್ಟು ಬೇರೆ ಸಿಮ್ ಹಾಕಿದರೆ ಲಾಕ್ ಎನ್ನುತ್ತದೆ. ಇಯರ್‌ಫೋನು ಒಂದೇ ಕಿವಿಗೆ ಕೇಳಿಸುತ್ತದೆ. ಮೆಮೊರಿ ಕಾರ್ಡು ಸಿಕ್ಕಿಹಾಕಿಕೊಂಡು ಹೊರಗೇ ಬರುತ್ತಿಲ್ಲ. ಬಂದಿದ್ದರೆ ಅದನ್ನವಳು ಮನೆಯಲ್ಲೇ ಬಿಟ್ಟು ಬರುತ್ತಿದ್ದಳು.

ಯಾಕೆಂದರೆ ಅದರಲ್ಲಿದ್ದದ್ದು ಅವಳದೇ ದನಿ. ಬಾಗಿಲು ಹಾಕಿ, ಫ್ಯಾನ್ ಆರಿಸಿ, ಕದ್ದು ಹಾಡಿಕೊಂಡ ಹದಿನೇಳು ಹಾಡುಗಳು. ಅಣ್ಣ ನಾಸೀರನಿಗೆ ಗೊತ್ತಾದರೆ... ಹಾಡು ಹಾಗಿರಲಿ, ಕಾಲೇಜೂ ಬಂದ್!

ಅಂಗಡಿಯ ಬೋರ್ಡು ಓದಿ ಫೋನನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. 'ಕಾರ್ಡಿಗೆ ಹಾಡು ತುಂಬಿ ಕೊಡಲಾಗುತ್ತದೆ.' ಇವನು ಕಂಪ್ಯೂಟರಿಗೆ ಹಾಕಿಕೊಂಡರೆ ಸಾಕು, ಸಂಜೆಯೊಳಗೆ ಗಾಂಧಿ ಚೌಕದ ಆಟೋಗಳಲ್ಲೆಲ್ಲ ಅವಳ ಹಾಡು!

"ನಾಳಿ ಬರ್ರಿ," ಎಂದು ಜಾವೀದ ಫೋನು ತೆಗೆದುಕೊಂಡ.

ಮರುದಿನ ಹೋದರೆ ಲಾಕ್ ತೆಗೆಯುವ ಕೋಡ್ ಬಂದಿಲ್ಲ. ಮರುವಾರ ಹೋದರೆ ಇಯರ್‌ಫೋನಿನ ಸಾಕೆಟ್ ಸಿಕ್ಕಿಲ್ಲ. ಪ್ರತಿ ಸಲವೂ "ನಾಳಿ ಬರ್ರಿ." ಆದರೆ ಕುರ್ಚಿ ಒರೆಸಿ ಕೊಡುತ್ತಾನೆ, ಪರೀಕ್ಷೆ ಹೇಗಾಯಿತೆಂದು ಕೇಳುತ್ತಾನೆ. 'ಇಷ್ಟು ನಯ ಯಾಕೆ? ಏನೋ ಮುಚ್ಚಿಡುತ್ತಿದ್ದಾನೆ...' ಹಾಗೆಂದುಕೊಳ್ಳುತ್ತಲೇ ಅವಳು ಕನ್ನಡಿಯ ಮುಂದೆ ದುಪಟ್ಟಾ ಎರಡೆರಡು ಸಲ ಸರಿಮಾಡಿಕೊಂಡು ಬರುತ್ತಿದ್ದಳು. ಈ ಹುಡುಗಿಗೆ ಏನೆನ್ನೋಣ!

ನಾಲ್ಕನೆಯ ವಾರವೂ ಅವಳ ಫೋನು ಎಂದಿನಂತೆ ಮುಚ್ಚಳ ಬಿಚ್ಚಿಕೊಂಡು ಮೇಜಿನ ಮೇಲಿತ್ತು. ಈ ಸಲ ಬಗ್ಗಿ ನೋಡಿದರೆ ಕಾರ್ಡಿನ ಜಾಗ ಖಾಲಿ!

"ನನ್ನ ಕಾರ್ಡ ಎಲ್ಲೈತ್ರಿ? ಎಷ್ಟ ಮಂದಿಗೆ ತುಂಬಿ ಕೊಟ್ರಿ, ಹೇಳ್ರಿ!"

ಜಾವೀದ ಡ್ರಾವರಿನಿಂದ ಸಣ್ಣ ಲಕೋಟೆಯೊಂದನ್ನು ತೆಗೆದು ಮುಂದಿಟ್ಟ. ಅಂಟಿಸಿದ ಬಾಯಿಯ ಮೇಲೆ ನೀಲಿ ಶಾಯಿಯ ಹೆಬ್ಬೆಟ್ಟು.

"ಅದು ನಂದ ಐತಿ ಬೇ!" ಪಕ್ಕದಲ್ಲಿ ಹೂ ಮಾರುವ ಗುರುಸಿದ್ದವ್ವ ಕೂಗಿದಳು. "ಮದ್ಲಿನ ದಿನಾನ ಕಾರ್ಡ ತಗದು, ನನ್ನ ಮುಂದ ಅಂಟಿಸಿ, ಒತ್ತಿಸಿಕೊಂಡಾನ. ಮೂರು ದಿನ ನನ್ನ ಬೆರಳಿನ ನೀಲಿ ಹೋಗಲಿಲ್ಲ!"

ಕೈನಾತಳ ಮುಖ ಕೆಂಪಾಯಿತು. "ಹಂಗಾದ್ರ... ಮೋಸ ಮಾಡಿಲ್ಲೇನ್ರಿ?"

"ಮಾಡೇನ್ರಿ." ಜಾವೀದ ತಲೆ ತಗ್ಗಿಸಿದ. "ಎರಡನೇ ವಾರಕ್ಕ ಫೋನ್ ಪೂರಾ ರೆಡಿ ಆಗಿತ್ತು. ಕೊಟ್ರ ನೀವು ಮತ್ತ ಬರಂಗಿಲ್ಲಲ್ರಿ... ಅದಕ್ಕ ನೀವು ರಸ್ತೆ ದಾಟೂದು ಕಂಡ ಕೂಡಲೇ ಮುಚ್ಚಳ ಬಿಚ್ಚಿ ಇಡ್ತಿದ್ದೆ."

ಸಿಟ್ಟು ಬರಬೇಕಿತ್ತು ಅವಳಿಗೆ. ಬರಲಿಲ್ಲ! ತಿಂಗಳಿಡೀ ಹೊತ್ತು ತಿರುಗಿದ ಭಯ ಇಳಿದು, ಕಣ್ಣು ತುಂಬಿ ಬಂತು.

"ಒಂದೂ ಹಾಡು ಕೇಳಿಲ್ಲೇನ್ರಿ?"

"ಆಣಿ ಮಾಡಿದ್ನೆಲ್ರಿ."

ಕೈನಾತ ಲಕೋಟೆ ಹರಿದಳು. ಕಾರ್ಡು ಹಾಕಿ, ಇಯರ್‌ಫೋನಿನ ಒಂದು ತುದಿ ತಾನಿಟ್ಟುಕೊಂಡು ಇನ್ನೊಂದನ್ನು ಅವನತ್ತ ಚಾಚಿದಳು.

"ಆಣಿ ನಾನ ಬಿಡಿಸೇನಿ. ಕೇಳ್ರಿ."

ಈಗ ಎರಡೂ ಕಡೆ ಸರಿಯಾಗಿ ಕೇಳಿಸಿತು. ಹಾಡು ಮುಗಿದ ಮೇಲೆ ಜಾವೀದ ಇಯರ್‌ಫೋನು ತೆಗೆದು ಮೇಜಿನ ಮೇಲಿಟ್ಟ.

"ಬಾಗಲಾ ಹಾಕ್ಕೊಂಡ ಹಾಡೀರೇನ್ರಿ?" ಮೆಲ್ಲಗೆ ಕೇಳಿದ.

"ಹೂಂನ್ರಿ..."

"ನಮ್ಮ ಮನ್ಯಾಗ ಬಾಗಲಾ ತಗದಿಟ್ಟ ಹಾಡ್ರಿ. ನಿಮ್ಮ ಅಣ್ಣಾರನ್ನ ಕೇಳಾಕ ಅಮ್ಮೀನ ಕಳಸ್ಲೇನ್ರಿ?"

ಕೈನಾತ ಕಣ್ಣೊರೆಸಿಕೊಂಡು ನಕ್ಕಳು.

"ನಾಳಿ ಕಳಸ್ರಿ. ನಿಮ್ಮ ಅಂಗಡಿ ನಾಳಿ ಅಲ್ಲ ಮತ್ತ... ಖರೆ ನಾಳಿ!"