ಎಡಸುತ್ತಿನ ಐದು ಚಿಪ್ಪು

"ಇಲ್ಲಿ ಹನ್ನೆರಡು ಇರಬೇಕಿತ್ತು. ಏಳೇ ಇವೆ."

ಸೋಮವಾರ ಬೆಳಗ್ಗೆ ಸಂಗ್ರಹಾಲಯದ ಚಿಪ್ಪಿನ ಕೋಣೆಗೆ ತಪಾಸಣೆಗೆಂದು ಬಂದ ಸಂಶೋಧಕ, ಆ ಕೋಣೆ ನೋಡಿಕೊಳ್ಳುವ ಹುಡುಗಿಯೊಡನೆ ಆಡಿದ ಮೊದಲ ಮಾತೇ ಅದು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, ಅವಳ ಕೈ ತಾನಾಗಿಯೇ ಪಕ್ಕದ ಡ್ರಾಯರಿನ ಮೇಲೆ ಹೋಯಿತು.

ಆ ಐದನ್ನು ಎತ್ತಿದ್ದು ಅವಳೇ. ಕೆಲಸಕ್ಕೆ ಸೇರಿದ ಮೊದಲ ವಾರ, ಬಲಕ್ಕೆ ಸುತ್ತಿದ ಬಸವನಹುಳುಗಳ ನಡುವೆ ಎಡಕ್ಕೆ ಸುತ್ತಿದ ಐದು ಚಿಪ್ಪು ಕಂಡಿದ್ದವು. ಯಾರೋ ಬೆರೆಸಿಬಿಟ್ಟಿದ್ದಾರೆಂದು ಎಡಸುತ್ತಿನ ಬೇರೊಂದು ಪ್ರಭೇದದ ನಲವತ್ತರ ಜೊತೆ ಸೇರಿಸಿದ್ದಳು. ಈ ಕುಲದಲ್ಲಿ ಎಡವೂ ಬಲವೂ ಒಂದೇ ಪ್ರಭೇದದಲ್ಲಿ ಹುಟ್ಟುತ್ತವೆಂದು ತಿಳಿದದ್ದು ಹೋದ ತಿಂಗಳು. ಅಷ್ಟರಲ್ಲಿ ಆ ನಲವತ್ತೈದರಲ್ಲಿ ತಾನಿಟ್ಟ ಐದು ಯಾವುವೋ! ಆ ಐದರಲ್ಲೊಂದು, ಇಡೀ ಪ್ರಭೇದಕ್ಕೆ ಹೆಸರಿಡಲು ಆಧಾರವಾದ ಮೂಲ ಚಿಪ್ಪು.

ಶನಿವಾರದೊಳಗೆ ಸಿಗದಿದ್ದರೆ ಕಳವು ಎಂದೇ ಬರೆಯಬೇಕಾಗುತ್ತದೆ ಎಂದ ಅವನು.

ಕಳ್ಳಿ ಎನ್ನಿಸಿಕೊಂಡರೆ ಕೆಲಸ ಹೋಗುತ್ತದೆ. ಇವನೂ...

ಇವನೂ ಎಂದರೇನು? ತನ್ನನ್ನೇ ಗದರಿಕೊಂಡಳು. ಆದರೆ ನಾಲ್ಕು ದಿನ ಒಂದೇ ಮೇಜು, ಒಂದೇ ಭೂತಗನ್ನಡಿ. ಅವನು ಚಿಪ್ಪನ್ನು ಅಂಗೈಯಲ್ಲಿಟ್ಟು ತೋರಿಸುವಾಗ ಖುಷಿಯೂ ಆಗುತ್ತಿತ್ತು, ಭಯವೂ ಆಗುತ್ತಿತ್ತು. ಮನೆಯಲ್ಲಿ ತಟ್ಟೆಯ ಅನ್ನ ಹಾಗೇ ಉಳಿಯುತ್ತಿತ್ತು. ಜ್ವರವೇನೋ ಎಂದು ಅಮ್ಮ ಹಣೆ ಮುಟ್ಟಿ ನೋಡಿದಳು.

ಶುಕ್ರವಾರ ಅವನು ವರದಿಯ ಹಾಳೆ ತೆಗೆದಾಗ ತಡೆಯಲಾಗಲಿಲ್ಲ.

"ಕಳವಾಗಿಲ್ಲ... ನಾನೇ ತಪ್ಪಾಗಿ ಬೇರೆ ಕಡೆ ಇಟ್ಟೆ. ಯಾವುದು ಅಂತ ಈಗ ಗೊತ್ತಾಗ್ತಿಲ್ಲ. ಹೇಳೋಕೆ ಭಯ ಆಯ್ತು."

ಅವನು ಪಕ್ಕದ ಡ್ರಾಯರ್ ಎಳೆದು ದೀಪ ಓರೆ ಮಾಡಿದ. ಚಿಪ್ಪಿನ ಬಾಯೊಳಗೆ, ನೇರ ಬೆಳಕಿಗೆ ಕಾಣದಷ್ಟು ಮಾಸಿದ ಮಸಿಯ ದಾಖಲೆ ಸಂಖ್ಯೆ ಕಂಡಿತು. ಹುಡುಕದೆಯೇ ಐದನ್ನೂ ಆರಿಸಿಟ್ಟ.

ಇವನಿಗೆ ಮೊದಲೇ ಗೊತ್ತಿತ್ತು!

"ಯಾವಾಗ ಸಿಕ್ಕಿದ್ವು?"

"ಮಂಗಳವಾರ."

"ಸೋಮವಾರದಿಂದ ಜೀವ ಕೈಯಲ್ಲಿ ಹಿಡ್ಕೊಂಡಿದೀನಿ ನಾನು..." ಕಣ್ಣು ತುಂಬಿತು. ಸಿಟ್ಟೂ ಬಂತು.

"ತಪ್ಪಾಯ್ತು." ಅವನು ತಲೆ ತಗ್ಗಿಸಿದ. "ನೀವಿಷ್ಟು ಹೆದರಿದೀರಿ ಅಂತ ಗೊತ್ತಾಗ್ಲಿಲ್ಲ. ಸಿಕ್ತು ಅಂದ್ರೆ ಅವತ್ತೇ ನನ್ನ ಕೆಲಸ ಮುಗೀತಿತ್ತು. ಹೊರಡಬೇಕಾಗ್ತಿತ್ತು. ನನಗೆ ಅದರ ಭಯ."

ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಐದು ಚಿಪ್ಪನ್ನೂ ತನ್ನ ಕೈಯಾರೆ ಆ ಏಳರ ಪಕ್ಕ ಇಟ್ಟಳು. ತನ್ನ ತಪ್ಪನ್ನು ವರದಿಯಲ್ಲಿ ಇದ್ದದ್ದು ಇದ್ದಹಾಗೆ ಬರೆಯಲು ಹೇಳಿದಳು.

"ನಿಮ್ಮನ್ನ ಉಳಿಸಿಕೊಳ್ಳೋಕೆ ಇನ್ನೂ ಐದು ಚಿಪ್ಪು ಬಚ್ಚಿಡಬೇಕಾ?"

"ಬೇಡ. ಇರಿ ಅಂದ್ರೆ ಸಾಕು."

ಅವಳು ಡ್ರಾಯರ್ ಮುಚ್ಚಿದಳು.

"ಇರಿ."